ಡಬ್ಬಿ ತರುವ ಮೊದಲು ತಕ್ಕಡಿ ತನ್ನಿ: ಮನೆ ಅಡುಗೆಯಲ್ಲಿ ಪ್ರೊಟೀನ್ ಲೆಕ್ಕ

ಅಮ್ಮನಿಗೆ 72. ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ಹೋದ ವರ್ಷದಿಂದ ಎದ್ದೇಳುವಾಗ ಗೋಡೆ ಹಿಡಿಯತೊಡಗಿದಳು. ವೈದ್ಯರಿಗೆ ತೋರಿಸಿದರೆ, ‘ಮೂಳೆ ಪರವಾಗಿಲ್ಲ, ಮಾಂಸಖಂಡ ಕರಗಿದೆ, ಊಟದಲ್ಲಿ ಪ್ರೊಟೀನ್ ಸಾಲದು’ ಅಂದರು. ಬರುವ ದಾರಿಯಲ್ಲಿ ಔಷಧಿ ಅಂಗಡಿಗೆ ಹೋಗಿ ಪ್ರೊಟೀನ್ ಪುಡಿಯ ಡಬ್ಬಿ ಕೈಗೆತ್ತಿಕೊಂಡೆ, ಬೆಲೆ ನೋಡಿ ಇದ್ದಲ್ಲೇ ಇಟ್ಟೆ. ಅದರ ಬದಲು ಅಡುಗೆಮನೆಗೊಂದು ಡಿಜಿಟಲ್ ತಕ್ಕಡಿ ತಂದೆ. ಒಂದು ವಾರ ಅಕ್ಕಿ, ಬೇಳೆ, ಮೊಸರು ಎಲ್ಲವನ್ನೂ ತೂಗಿ ಬರೆದ ಮೇಲೆ ಗೊತ್ತಾದದ್ದು ಇಷ್ಟು: ಪ್ರೊಟೀನ್ ನಮ್ಮ ಮನೆಯ ಡಬ್ಬಗಳಲ್ಲಿ ಬೇಕಾದಷ್ಟಿತ್ತು, ತಟ್ಟೆಗೆ ಬರುತ್ತಿರಲಿಲ್ಲ. ಅದನ್ನು ತಟ್ಟೆಗೆ ತರುವ ದಾರಿಯನ್ನೂ, ಒಲೆಯ ಮೇಲೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಎಷ್ಟು ಬೇಕೆಂದು ತಿಳಿಯಿರಿ

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. 65 ಕಿಲೋ ತೂಗುವವರಿಗೆ 54 ಗ್ರಾಂ, 55 ಕಿಲೋದವರಿಗೆ ಸುಮಾರು 46 ಗ್ರಾಂ. ಬಸುರಿ, ಬಾಣಂತಿಯರಿಗೆ ಇದಕ್ಕಿಂತ ಹೆಚ್ಚು. ಕೊನೆಯ ಮೂರು ತಿಂಗಳಲ್ಲಂತೂ ದಿನಕ್ಕೆ 22 ಗ್ರಾಂ ಹೆಚ್ಚುವರಿ. ವಯಸ್ಸಾದವರ ಸ್ನಾಯು ಪ್ರೊಟೀನಿಗೆ ಬೇಗ ಓಗೊಡುವುದಿಲ್ಲ, ಅವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಇರಲಿ ಎನ್ನುವ ತಜ್ಞರಿದ್ದಾರೆ. ಅಮ್ಮ 50 ಕಿಲೋ. ನಾನು 50 ಗ್ರಾಂ ಗುರಿ ಇಟ್ಟುಕೊಂಡೆ.

ಮೂತ್ರಪಿಂಡದ ತೊಂದರೆ ಇದ್ದವರು, ಕ್ರಿಯಾಟಿನಿನ್ ಏರಿದೆ ಎಂದು ವರದಿಯಲ್ಲಿ ಬಂದವರು ಇಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕೇಳಿ. ಪ್ರೊಟೀನಿನಲ್ಲಿರುವ ಸಾರಜನಕ ಯೂರಿಯಾ ಆಗಿ ಹೊರಹೋಗುವುದು ಮೂತ್ರಪಿಂಡದ ದಾರಿಯಲ್ಲೇ. ಅವರ ಲೆಕ್ಕ ಬೇರೆ.

ಒಂದು ದಿನದ ಊಟ ತೂಗಿ

ತೂಗಬೇಕಾದದ್ದು ಬೇಯಿಸುವ ಮೊದಲು. ಬೆಂದ ಮೇಲೆ ಬಟ್ಟಲಲ್ಲಿರುವುದು ಬಹುಪಾಲು ನೀರು. ಪಾವಿನ ಲೆಕ್ಕ ಹಿಡಿಯುವವರು ನಿಮ್ಮ ಮನೆಯ ಪಾವಿಗೆ ತೊಗರಿಬೇಳೆ ತುಂಬಿ ಒಮ್ಮೆ ತೂಗಿ, ಗೋಡೆಯ ಮೇಲೆ ಬರೆದಿಡಿ. ಒಂದೊಂದು ಮನೆಯ ಪಾವು ಒಂದೊಂದು ಥರ.

ಇನ್ನು 100 ಗ್ರಾಂಗೆ ಎಷ್ಟು ಪ್ರೊಟೀನ್ ಎಂಬ ಅಂದಾಜು. ತೊಗರಿ, ಕಡಲೆ, ಹೆಸರು, ಉದ್ದು, ಹುರುಳಿ, ಅಲಸಂದೆ ಯಾವುದೇ ಇರಲಿ 20ರಿಂದ 24 ಗ್ರಾಂ ಎಂದಿಟ್ಟುಕೊಳ್ಳಿ. ಇವುಗಳ ನಡುವೆ ಜಗಳ ಹಚ್ಚುವಷ್ಟು ವ್ಯತ್ಯಾಸವಿಲ್ಲ. ಕಡಲೆಬೀಜ, ಅಂದರೆ ಶೇಂಗಾ, 24ರ ಆಸುಪಾಸು. ಅಕ್ಕಿ ಮತ್ತು ರಾಗಿ ಎರಡೂ 7ರಿಂದ 8. ಜೋಳ 10, ಗೋಧಿ 11. ಹಾಲು, ಮೊಸರು 3ರಿಂದ 3.5. ಪನೀರ್ 18. ಸೋಯಾ ಚಂಕ್ಸ್ 50 ದಾಟುತ್ತದೆ. ಒಂದು ಮೊಟ್ಟೆಗೆ 6 ಗ್ರಾಂ. ಕೋಳಿ, ಮೀನು, ಕುರಿಮಾಂಸ ಹಸಿಯಾಗಿ ತೂಗಿದರೆ 18ರಿಂದ 22.

ಅಮ್ಮನ ಒಂದು ದಿನ ಹೀಗಿತ್ತು. ಬೆಳಿಗ್ಗೆ 50 ಗ್ರಾಂ ರವೆಯ ಉಪ್ಪಿಟ್ಟು, 5.5 ಗ್ರಾಂ. ಮಧ್ಯಾಹ್ನ 75 ಗ್ರಾಂ ಅಕ್ಕಿಯ ಅನ್ನ, 5.5, ತಿಳಿಸಾರಿಗೆ ಅವಳ ಪಾಲಿನ ಬೇಳೆ 15 ಗ್ರಾಂ, ಅದರಿಂದ 3, ಪಲ್ಯದಿಂದ 1, ಒಂದು ಲೋಟ ನೀರು ಮಜ್ಜಿಗೆ, 2. ರಾತ್ರಿ ಮತ್ತೆ ಅನ್ನ, ಮತ್ತೆ ಅದೇ ಸಾರು, 6.5. ಎರಡು ಹೊತ್ತಿನ ಕಾಫಿ ಹಾಲು, 3. ಎಲ್ಲ ಸೇರಿ 27 ಗ್ರಾಂ ಮುಟ್ಟಲಿಲ್ಲ. ಹೊಟ್ಟೆ ತುಂಬ ಉಂಡಿದ್ದಳು, ಅದರಲ್ಲಿ ಅನುಮಾನವಿಲ್ಲ. ‘ದಿನಾ ಬೇಳೆ ಸಾರು ಉಣ್ಣುತ್ತೇವಲ್ಲ’ ಎಂಬ ನಮ್ಮೆಲ್ಲರ ಧೈರ್ಯ ಆ 15 ಗ್ರಾಂ ಮೇಲೆ ನಿಂತಿತ್ತು.

ಕಾಳು, ಬೇಳೆ: ಇಲ್ಲೇ ಗೆಲ್ಲಬೇಕು

ಪ್ರೊಟೀನ್ ಎಂದರೆ ಅಮಿನೋ ಆಮ್ಲಗಳನ್ನು ಪೋಣಿಸಿದ ಉದ್ದನೆಯ ಸರ. 20 ಬಗೆಯ ಮಣಿಗಳಿವೆ. ಅವುಗಳಲ್ಲಿ 9ನ್ನು ನಮ್ಮ ದೇಹ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಈ ಸರ ಸುಮ್ಮನೆ ಚಾಚಿಕೊಂಡಿರದೆ ನೂಲಿನ ಉಂಡೆಯಂತೆ ಸುತ್ತಿಕೊಂಡಿರುತ್ತದೆ. ಕಾವು, ಹುಳಿ, ಕಡೆತ ಈ ಮೂರರಲ್ಲಿ ಯಾವುದು ತಾಕಿದರೂ ಉಂಡೆ ಬಿಚ್ಚಿಕೊಂಡು ಪಕ್ಕದ ಎಳೆಗಳ ಜೊತೆ ಸಿಕ್ಕುಬೀಳುತ್ತದೆ. ಅಡುಗೆಮನೆಯಲ್ಲಿ ಗಟ್ಟಿಯಾಗುವುದು, ಹೆಪ್ಪುಗಟ್ಟುವುದು, ಒಡೆಯುವುದು ಎಲ್ಲ ಈ ಒಂದೇ ಆಟ.

ಹಸಿ ಕಾಳಿನಲ್ಲಿ ಕೆಲವು ಪ್ರೊಟೀನುಗಳು ನಮ್ಮ ಜೀರ್ಣರಸದ ಕೈ ಕಟ್ಟಿಹಾಕುತ್ತವೆ. ಬೇಯಿಸಿದಾಗ ಅವುಗಳ ಉಂಡೆಯೂ ಬಿಚ್ಚಿಹೋಗಿ ಕೆಲಸ ಕೆಡುತ್ತದೆ. ಬೇಯಿಸಿದ ಕಾಳು ದಕ್ಕುವುದು, ಹಸಿ ಕಾಳು ದಕ್ಕದಿರುವುದು ಇದರಿಂದಲೇ. ಹಾಗಾದರೆ ಕೋಸಂಬರಿಯ ಕಥೆ ಏನು? ಹೆಸರುಬೇಳೆಯಲ್ಲಿ ಇಂಥ ತಡೆಗಳು ಕಡಿಮೆ, ಸಿಪ್ಪೆ ಹೋಗಿದೆ, ನೆನೆದಿದೆ, ತಿನ್ನುವುದೂ ಒಂದು ಹಿಡಿ. ಅದೇ ಧೈರ್ಯ ರಾಜ್ಮಾ ಮೇಲೆ ಮಾಡಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೊಟೀನ್ ಅರೆಬೆಂದಾಗ ಇನ್ನೂ ಅಪಾಯ. ನಾಲ್ಕೈದು ಕಾಳು ತಿಂದರೂ ವಾಂತಿ, ಭೇದಿ ಹಿಡಿಯಬಹುದು. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಬೇಕು. ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ ಇದಕ್ಕೆ ಆಗದು. ನಮ್ಮ ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಅದು ಸಾಕು.

ಬೇಯಿಸುವ ಕ್ರಮ ಹೀಗಿರಲಿ. ಹುರುಳಿ, ಅಲಸಂದೆ, ಕಡಲೆಕಾಳು 8ರಿಂದ 10 ಗಂಟೆ ನೆನೆಯಲಿ. ಹಳೆಯ ಕಾಳಾಗಿದ್ದರೆ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ ನೆನೆಸಿ, ಆಮೇಲೆ ತೊಳೆಯಿರಿ, ಸಿಪ್ಪೆ ಮೆತ್ತಗಾಗುತ್ತದೆ. ‘ಉಪ್ಪು ಹಾಕಿದರೆ ಬೇಯುವುದಿಲ್ಲ’ ಎಂದು ಕೇಳಿ ಬೆಳೆದವನು ನಾನು, ಮಾಡಿ ನೋಡಿದ ಮೇಲೆ ಆ ಮಾತು ಬಿಟ್ಟೆ. ನಿಜವಾಗಿ ಬೇಯಲು ಬಿಡದಿರುವುದು ಹುಳಿ ಮತ್ತು ಗಡಸು ನೀರು. ಕೊಳವೆಬಾವಿ ನೀರಿನಲ್ಲಿರುವ ಕ್ಯಾಲ್ಸಿಯಂ ಕಾಳಿನ ಗೋಡೆಯನ್ನು ಬಿಗಿ ಮಾಡುತ್ತದೆ. ಹುಣಸೆಹಣ್ಣು, ಟೊಮೇಟೊ ಏನಿದ್ದರೂ ಬೇಳೆ ಕರಗಿದ ಮೇಲೆ ಹಾಕಿ. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವುದು ಬೇಡ, ಬಿ1 ಜೀವಸತ್ವ ಹಾಳಾಗುತ್ತದೆ.

ಮೊಳಕೆಯ ಬಗ್ಗೆ ಒಂದು ಮಾತು. ‘ಮೊಳಕೆ ಬಂದರೆ ಪ್ರೊಟೀನ್ ದುಪ್ಪಟ್ಟು’ ಎಂಬ ಸಂದೇಶ ಮೊಬೈಲಿನಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಕಾಳಿನೊಳಗೆ ಹೋದದ್ದು ನೀರು. ನೀರಿನಿಂದ ಪ್ರೊಟೀನ್ ಹುಟ್ಟುವುದಿಲ್ಲ. 30 ಗ್ರಾಂ ಹೆಸರುಕಾಳಿನಲ್ಲಿ 7 ಗ್ರಾಂ ಇದ್ದರೆ ಮೊಳಕೆ ಬಂದ ಮೇಲೂ ಅಷ್ಟೇ. ಮೊಳಕೆಯಿಂದ ಆಗುವ ಲಾಭ ಬೇರೆ: ಸಿ ಜೀವಸತ್ವ ಹೆಚ್ಚುತ್ತದೆ, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಇಳಿಯುತ್ತದೆ. ವಯಸ್ಸಾದವರಿಗೆ, ಬಸುರಿಯರಿಗೆ ಹಸಿ ಮೊಳಕೆ ಕೊಡಬೇಡಿ. ಮೊಳಕೆ ಬರಿಸುವ ಬೆಚ್ಚನೆಯ ತೇವ ಬ್ಯಾಕ್ಟೀರಿಯಾಗೂ ಇಷ್ಟ. ಹಬೆಯಲ್ಲಿ ಬೇಯಿಸಿ ಉಸುಲಿ ಮಾಡಿ.

ಹಾಗೆಯೇ ಹುರುಳಿ ಕಟ್ಟು. ಕಟ್ಟಿನಲ್ಲೇ ಸತ್ವವೆಲ್ಲ ಇದೆ ಎಂದು ಬರೀ ಬಸಿದ ನೀರಿನ ಸಾರು ಕುಡಿಸಿದರೆ ಸ್ವಲ್ಪ ಪ್ರೊಟೀನ್, ಒಂದಿಷ್ಟು ಬಿ ಜೀವಸತ್ವ, ಪೊಟಾಸಿಯಂ ಸಿಗುತ್ತವೆ. ಪ್ರೊಟೀನಿನ ದೊಡ್ಡ ಪಾಲು ಕಾಳಿನಲ್ಲೇ ಉಳಿದಿರುತ್ತದೆ. ಬಸ್ಸಾರು ಮಾಡುವವರು ಜಾಣರು. ನೀರು ಸಾರಾಗುತ್ತದೆ, ಕಾಳು ಸೊಪ್ಪಿನ ಜೊತೆ ಪಲ್ಯವಾಗುತ್ತದೆ, ಯಾವುದೂ ಹೊರಗೆ ಹೋಗುವುದಿಲ್ಲ.

ಕಾಳಿನ ಜೊತೆ ಏನನ್ನು ತಿನ್ನಬೇಕು ಎಂಬುದನ್ನು ನಮ್ಮ ಹಿರಿಯರು ಲೆಕ್ಕ ಹಾಕದೆಯೇ ಸರಿ ಮಾಡಿಟ್ಟಿದ್ದಾರೆ. ಅಕ್ಕಿ, ಗೋಧಿ, ರಾಗಿಯಲ್ಲಿ ಲೈಸಿನ್ ಎಂಬ ಮಣಿ ಕಡಿಮೆ; ಕಾಳುಗಳಲ್ಲಿ ಅದು ಧಾರಾಳ, ಆದರೆ ಮೆಥಿಯೋನಿನ್ ಕಡಿಮೆ. ಮುದ್ದೆಗೆ ಕಾಳು ಸಾರು, ಜೋಳದ ರೊಟ್ಟಿಗೆ ಮಡಕಿಕಾಳು ಪಲ್ಯ, ಇಡ್ಲಿಯಲ್ಲಿ ಅಕ್ಕಿಯ ಜೊತೆ ಉದ್ದು ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ತೂಕದಲ್ಲಿ ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಎಂಬುದು ಒಳ್ಳೆಯ ಅಳತೆ. ಒಂದೇ ತುತ್ತಿನಲ್ಲಿ ಇರಬೇಕೆಂದಿಲ್ಲ, ಒಂದೇ ದಿನದಲ್ಲಿ ಬಂದರೆ ಸಾಕು. ಬರಗಾಲ, ಹಸಿವಿನ ದಿನಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ ರೂಪಿಸಿದ ‘ಬಹೂಪಯೋಗಿ ಆಹಾರ’ ಕೂಡ ಇಂಥದೇ ಸಾದಾ ಜೋಡಿ: ಎಣ್ಣೆ ತೆಗೆದ ಕಡಲೆಬೀಜದ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು, ಅದಕ್ಕೆ ಜೀವಸತ್ವ, ಖನಿಜ.

ಹಾಲು, ಮೊಸರು, ಗಿಣ್ಣು

ಹಾಲಿನ ಪ್ರೊಟೀನಿನಲ್ಲಿ ಶೇ. 80 ಕೇಸಿನ್, ಉಳಿದದ್ದು ವೇ. ಕೇಸಿನ್ ಕಾವಿಗೆ ಜಗ್ಗುವುದಿಲ್ಲ, ಅದಕ್ಕೇ ಹಾಲನ್ನು ಎಷ್ಟು ಕಾಯಿಸಿದರೂ ಗಟ್ಟಿ ಮುದ್ದೆಯಾಗುವುದಿಲ್ಲ. ಹುಳಿಗೆ ಮಾತ್ರ ಸೋಲುತ್ತದೆ. ವೇ ಅದರ ತಿರುಗುಮುರುಗು: ಹುಳಿಗೆ ಹೆದರದು, ಕಾವಿಗೆ ಬಿಚ್ಚಿಕೊಳ್ಳುತ್ತದೆ. ಈ ಎರಡು ಸ್ವಭಾವ ಗೊತ್ತಿದ್ದರೆ ಮೊಸರು ಕೈಕೊಡುವುದಿಲ್ಲ.

ಗಟ್ಟಿ ಮೊಸರಿಗೆ ಹಾಲನ್ನು ಬರೀ ಬೆಚ್ಚಗೆ ಮಾಡಿದರೆ ಸಾಲದು. ಉಕ್ಕು ಬಂದ ಮೇಲೆ ಉರಿ ತಗ್ಗಿಸಿ ಐದಾರು ನಿಮಿಷ ಬಿಡಿ. ಆಗ ವೇ ಬಿಚ್ಚಿಕೊಂಡು ಕೇಸಿನ್ ಕಣಗಳಿಗೆ ಅಂಟಿಕೊಳ್ಳುತ್ತದೆ, ಹೆಪ್ಪುಗಟ್ಟುವಾಗ ಬಲೆ ದಟ್ಟವಾಗುತ್ತದೆ. ಆಮೇಲೆ ಕಿರುಬೆರಳು ಅದ್ದಿದರೆ ಹಿತವಾಗಿ ಬಿಸಿ ಅನ್ನಿಸುವವರೆಗೆ, ಸುಮಾರು 40ರಿಂದ 43 ಡಿಗ್ರಿಗೆ, ಆರಿಸಿ ಹೆಪ್ಪು ಹಾಕಿ. ಮುಚ್ಚಿಟ್ಟ ಪಾತ್ರೆಯನ್ನು ‘ಆಯಿತೇ’ ಎಂದು ಅಲ್ಲಾಡಿಸಬೇಡಿ. ಆಗತಾನೆ ಕಟ್ಟುತ್ತಿರುವ ಬಲೆ ಹರಿದರೆ ನೀರು ಬಿಡುತ್ತದೆ. ಮೇಲೆ ನಿಂತ ನೀರಿನಲ್ಲೂ ಸ್ವಲ್ಪ ಪ್ರೊಟೀನಿದೆ, ಚೆಲ್ಲದೆ ಕಲಸಿಬಿಡಿ. ಹಾಲೊಡೆಸಿ ಪನೀರ್ ಮಾಡಿದಾಗ ಉಳಿಯುವ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ.

ಮಜ್ಜಿಗೆ ಹುಳಿ ಒಡೆಯುವುದೂ ಇದೇ ಕಾರಣಕ್ಕೆ. ಮೊಸರಿನ ಹುಳಿಯಲ್ಲಿ ಕೇಸಿನ್ ಆಗಲೇ ಒಂದಕ್ಕೊಂದು ಆತುಕೊಂಡಿದೆ, ಮೇಲೆ ಕಾವು ಬಿದ್ದರೆ ಕುಗ್ಗಿ ಗಂಟಾಗುತ್ತದೆ. ಕಾಯಿಯ ಜೊತೆ ನೆನೆಸಿದ ಕಡಲೆಬೇಳೆ, ಒಂದು ಚಮಚ ಅಕ್ಕಿ ರುಬ್ಬಿ ಹಾಕುವುದು ರುಚಿಗಷ್ಟೇ ಅಲ್ಲ; ಅವುಗಳ ಪಿಷ್ಟ ಕೇಸಿನ್ ಎಳೆಗಳ ನಡುವೆ ನುಗ್ಗಿ ಗಂಟಾಗಲು ಬಿಡುವುದಿಲ್ಲ. ಮೊದಲ ಕುದಿ ಕಾಣುತ್ತಿದ್ದಂತೆ ಇಳಿಸಿ.

ಇನ್ನು ಗಿಣ್ಣು. ಪ್ರೊಟೀನ್ ಎಂದರೇನು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಹುಳಿ ಹಾಕಿಲ್ಲ, ಹೆಪ್ಪು ಹಾಕಿಲ್ಲ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಹಾಲು ತಾನಾಗಿಯೇ ಗಟ್ಟಿ. ಕರುವಿಗೆ ರೋಗ ತಡೆಯುವ ಶಕ್ತಿ ಕೊಡಲು ಹಸು ತನ್ನ ಮೊದಲ ಹಾಲಿನಲ್ಲಿ ಪ್ರತಿಕಾಯಗಳನ್ನು ತುಂಬಿರುತ್ತದೆ. ಅವು ಕೇಸಿನ್ ಅಲ್ಲ, ಕಾವಿಗೆ ಬಿಚ್ಚಿಕೊಳ್ಳುವ ಜಾತಿಯವು. ದಿನದಿಂದ ದಿನಕ್ಕೆ ಅವು ಇಳಿಯುತ್ತವೆ, ಅದಕ್ಕೇ ಮೊದಲ ದಿನದ ಹಾಲು ಕಲ್ಲಿನಂತೆ, ಮೂರನೆಯ ದಿನದ್ದು ಮೆತ್ತಗೆ. ಮೊದಲ ದಿನದ ಹಾಲಿಗೆ ಮಾಮೂಲಿ ಹಾಲು ಬೆರೆಸಿ ಮಾಡಿದರೆ ಹದ ಸರಿಯಾಗುತ್ತದೆ. ಕರುವಿಗೆ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಆ ಹಾಲು ಸೇರಲೇಬೇಕು, ಕರುಳು ಆ ಪ್ರತಿಕಾಯಗಳನ್ನು ಇಡಿಯಾಗಿ ಒಳಬಿಡುವುದು ಅಷ್ಟು ಹೊತ್ತು ಮಾತ್ರ. ನಮ್ಮ ಪಾಲು ಅದು ಕುಡಿದು ಮಿಕ್ಕಿದ್ದರಲ್ಲಿ.

ಪೇಟೆಯಲ್ಲಿ ಗಿಣ್ಣು ಎಂದು ಮಾರುವುದು ಎಷ್ಟೋ ಸಲ ಚೀನಾ ಗ್ರಾಸ್ ಹಾಕಿದ ಹಾಲು. ಅದು ಕಡಲ ಪಾಚಿಯಿಂದ ತೆಗೆದ ಪಿಷ್ಟದಂಥ ವಸ್ತು. ಪರೀಕ್ಷೆ ಸುಲಭ: ಒಂದು ತುಂಡನ್ನು ಬಟ್ಟಲಲ್ಲಿಟ್ಟು ಚೆನ್ನಾಗಿ ಬಿಸಿ ಮಾಡಿ. ಚೀನಾ ಗ್ರಾಸಿನದು ಕರಗಿ ನೀರಾಗುತ್ತದೆ. ನಿಜವಾದ ಗಿಣ್ಣು ಕರಗದು. ಒಮ್ಮೆ ಸಿಕ್ಕುಬಿದ್ದ ಪ್ರೊಟೀನ್ ಎಳೆಗಳನ್ನು ಕಾವು ಮತ್ತೆ ಬಿಡಿಸಲಾರದು.

ಮೊಟ್ಟೆ

ಬಿಳಿ ಭಾಗ 62 ಡಿಗ್ರಿ ಆಸುಪಾಸಿನಲ್ಲಿ ಕಟ್ಟತೊಡಗುತ್ತದೆ, ಹಳದಿ 65 ದಾಟಿದ ಮೇಲೆ. ಕುದಿಯುವ ನೀರಿಗೆ ಬಿಟ್ಟು 7 ನಿಮಿಷಕ್ಕೆ ತೆಗೆದರೆ ಹಳದಿ ಜಿನುಗುತ್ತದೆ, 11 ನಿಮಿಷಕ್ಕೆ ಗಟ್ಟಿ. ಇನ್ನೂ ಬಿಟ್ಟರೆ ಬಿಳಿಯ ಗಂಧಕ ಹಳದಿಯ ಕಬ್ಬಿಣದ ಜೊತೆ ಸೇರಿ ಹಸಿರು ಬಳೆ ಮೂಡುತ್ತದೆ. ತೊಂದರೆಯೇನಿಲ್ಲ, ವಾಸನೆ ಮಾತ್ರ. ತೆಗೆದ ಕೂಡಲೇ ತಣ್ಣೀರಿಗೆ ಹಾಕಿ. ಅವತ್ತೇ ಇಟ್ಟ ನಾಟಿಕೋಳಿ ಮೊಟ್ಟೆ ಬೇಯಿಸಿ ಸುಲಿದರೆ ಬಿಳಿಯೆಲ್ಲ ಸಿಪ್ಪೆಗೆ ಅಂಟಿ ಬರುತ್ತದೆ. ಒಂದು ವಾರ ಕಾಯಿರಿ; ಸಿಪ್ಪೆಯ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿಯ ಕ್ಷಾರಗುಣ ಹೆಚ್ಚಿದ ಮೇಲೆ ಸಿಪ್ಪೆ ಸಲೀಸಾಗಿ ಬಿಡುತ್ತದೆ.

ಗರಡಿಯ ಹುಡುಗರು ಹಸಿ ಮೊಟ್ಟೆ ಒಡೆದು ಕುಡಿಯುವುದು ಈಗಲೂ ಇದೆ. ಅಳೆದು ನೋಡಿದವರ ಪ್ರಕಾರ ಬೆಂದ ಮೊಟ್ಟೆಯ ಪ್ರೊಟೀನಿನಲ್ಲಿ ಶೇ. 90ರಷ್ಟು ಮೈಗೆ ದಕ್ಕುತ್ತದೆ, ಹಸಿಯದು ಹೆಚ್ಚುಕಡಿಮೆ ಅರ್ಧ. ಜೊತೆಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ.

ಮಾಂಸ, ಮೀನು

ಮೀನು ಬೇಗ ಬೇಯುತ್ತದೆ, ಏಕೆಂದರೆ ಅದರ ಸ್ನಾಯುಗಳನ್ನು ಕಟ್ಟಿಟ್ಟ ಕೊಲಾಜನ್ ಎಂಬ ಪ್ರೊಟೀನ್ ಕಡಿಮೆ, ಇರುವುದೂ ಸಣ್ಣ ಕಾವಿಗೇ ಕರಗುತ್ತದೆ. ಕುದಿಯುವ ಸಾರಿಗೆ ಕೊನೆಯಲ್ಲಿ ಹಾಕಿ. ಕುರಿಮಾಂಸ ಹಾಗಲ್ಲ, ಮೊದಲು ಗಟ್ಟಿಯಾಗಿ, ಕೊಲಾಜನ್ ಕರಗಿ ಜೆಲಟಿನ್ ಆಗುವ ಹೊತ್ತಿಗೆ ಮತ್ತೆ ಮೆತ್ತಗಾಗುತ್ತದೆ, ಆ ನಡುವಿನ ಹೊತ್ತಿನಲ್ಲಿ ಇಳಿಸಿದವರಿಗೆ ಸಿಗುವುದು ರಬ್ಬರು. ಹಸಿ ಪಪ್ಪಾಯಿ ಅರೆದು ಹಚ್ಚುವುದಾದರೆ ಅರ್ಧ ಗಂಟೆ ಸಾಕು, ಅದರಲ್ಲಿರುವ ಪಪೈನ್ ಎಂಬ ಕಿಣ್ವ ಪ್ರೊಟೀನನ್ನು ಕತ್ತರಿಸುತ್ತಲೇ ಹೋಗುತ್ತದೆ.

ಕಾಲು ಸೂಪಿನ ಬಗ್ಗೆ ಬೇಸರದ ಸುದ್ದಿ. ಕೈಗೆ ಅಂಟುವ ಆ ಜೆಲಟಿನಿನಲ್ಲಿ ಟ್ರಿಪ್ಟೋಫ್ಯಾನ್ ಎಂಬ ಅಗತ್ಯ ಮಣಿಯೇ ಇಲ್ಲ. ರುಚಿಗೆ ಕುಡಿಯಿರಿ, ಮೂಳೆ ಮುರಿದವರಿಗೆ ಅದೊಂದೇ ಆಹಾರ ಎಂದು ಕೊಡಬೇಡಿ, ಜೊತೆಗೆ ಮಾಂಸವೋ ಮೊಟ್ಟೆಯೋ ಬೇಳೆಯೋ ಇರಲಿ. ಅಂದಹಾಗೆ, ಕೊಲಾಜನ್ ಮೂರು ಎಳೆಗಳನ್ನು ಹೊಸೆದ ಹಗ್ಗದಂತಿದೆ ಎಂದು 1950ರ ದಶಕದಲ್ಲಿ ಮದ್ರಾಸಿನಲ್ಲಿ ಕಂಡುಕೊಟ್ಟವರು ಜಿ. ಎನ್. ರಾಮಚಂದ್ರನ್. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೀವಭೌತವಿಜ್ಞಾನದ ವಿಭಾಗ ಕಟ್ಟಿದರು.

ಡಬ್ಬಿ ತರಲೇಬೇಕಾದರೆ

ಊಟ ಇಳಿಯದ ರೋಗಿಗಳಿಗೆ, ಹಲ್ಲಿಲ್ಲದವರಿಗೆ ಪುಡಿ ಉಪಕಾರವೇ. ಚೀಟಿಯಲ್ಲಿ ‘100 ಗ್ರಾಂಗೆ’ ಎಂಬ ಸಾಲು ಓದಿ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಅಲ್ಲಿ ಸಕ್ಕರೆಯೋ ಪಿಷ್ಟದಿಂದ ಮಾಡುವ ಮಾಲ್ಟೋಡೆಕ್ಸ್ಟ್ರಿನೋ ಮೊದಲಿದ್ದರೆ ನೀವು ಕೊಳ್ಳುತ್ತಿರುವುದು ಅದನ್ನೇ. ಇನ್ನೊಂದು ವಿಷಯ ಗೊತ್ತಿರಲಿ. ಪ್ರೊಟೀನನ್ನು ಅಳೆಯುವ ಹಳೆಯ ವಿಧಾನ 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಕೊಟ್ಟದ್ದು. ಅದು ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೊಟೀನ್ ಎನ್ನುತ್ತಾರೆ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಸಾರಜನಕ ತುಂಬಿದ ಮೆಲಮಿನ್ ಎಂಬ ರಾಸಾಯನಿಕ ಹಾಕಿ ಈ ಪರೀಕ್ಷೆಯನ್ನೇ ಮೋಸ ಮಾಡಿದರು, ಸಾವಿರಾರು ಕೂಸುಗಳ ಮೂತ್ರಪಿಂಡದಲ್ಲಿ ಕಲ್ಲಾಯಿತು.

ದಿನದ ಮೇಲೆ ಹಂಚಿ

ಕೊಬ್ಬಿನಂತೆ ಪ್ರೊಟೀನನ್ನು ದೇಹ ಕೂಡಿಡುವುದಿಲ್ಲ. ಮಿಕ್ಕಿದ್ದನ್ನು ಉರಿಸುತ್ತದೆ, ಇಲ್ಲವೇ ಕೊಬ್ಬು ಮಾಡುತ್ತದೆ. ಭಾನುವಾರ ಒಂದೇ ಸಲ ಕೋಳಿ ಉಂಡು ವಾರವಿಡೀ ತಿಳಿಸಾರಿನಲ್ಲಿ ಕಳೆದರೆ ಲೆಕ್ಕ ಕೂಡುವುದಿಲ್ಲ. ಮೂರು ಹೊತ್ತಿಗೂ ಹಂಚಿ.

ಅಮ್ಮ ಮೊಟ್ಟೆ ಮುಟ್ಟುವುದಿಲ್ಲ. ಅವಳಿಗೆ ಈಗ ಬೆಳಿಗ್ಗೆ 40 ಗ್ರಾಂ ಹೆಸರುಬೇಳೆ ರುಬ್ಬಿದ ದೋಸೆ, 10 ಗ್ರಾಂ. ಮಧ್ಯಾಹ್ನ 60 ಗ್ರಾಂ ಅಕ್ಕಿ, 4.5, ಸಾರಿನ ಬೇಳೆ 30 ಗ್ರಾಂ, 6.5, ಗಟ್ಟಿ ಮೊಸರು 150 ಗ್ರಾಂ, 5. ಸಂಜೆ 25 ಗ್ರಾಂ ಹುರಿದ ಕಡಲೆಬೀಜ, 6. ಹಲ್ಲಿಗೆ ಕಷ್ಟವಾದ ದಿನ ಅದೇ ಚಟ್ನಿಪುಡಿಯಾಗುತ್ತದೆ. ರಾತ್ರಿ 50 ಗ್ರಾಂ ರಾಗಿಯ ಪುಟ್ಟ ಮುದ್ದೆ, 3.5, ಜೊತೆಗೆ 30 ಗ್ರಾಂ ಕಾಳಿನ ಸಾರು, 7. ಕಾಫಿ ಸೇರಿ ಹಾಲು 150 ಮಿಲಿ, 5. ಒಟ್ಟು 47.5.

ಒಮ್ಮೆಲೇ ಏರಿಸಬೇಡಿ. ನಾನು ಮೊದಲ ದಿನವೇ ಎಲ್ಲ ಹಾಕಿಬಿಟ್ಟು ಅಮ್ಮನಿಗೆ ಎರಡು ದಿನ ಹೊಟ್ಟೆ ಉಬ್ಬರ. ವಾರಕ್ಕೆ 10 ಗ್ರಾಂನಂತೆ ಕಾಳು ಹೆಚ್ಚಿಸಿ, ನೆನೆಸಿದ ನೀರು ಚೆಲ್ಲಿ, ಚೆನ್ನಾಗಿ ಮೆತ್ತಗೆ ಬೇಯಿಸಿ. ಬರೀ ಉಂಡರೆ ಸ್ನಾಯು ಬೆಳೆಯುವುದಿಲ್ಲ, ಅದಕ್ಕೆ ಕೆಲಸವೂ ಬೇಕು: ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅಮ್ಮ ಹತ್ತು ಎಣಿಸುವಾಗ ಆರಾದ ಮೇಲೆ ಎಂಟಕ್ಕೆ ಹಾರುತ್ತಾಳೆ. ರಾತ್ರಿಯ ಕಾಳು ಸಾರು ನಿದ್ದೆ ಕೆಡಿಸುತ್ತದೆಂದು ಹೇಳಿ ಅದನ್ನು ಮಧ್ಯಾಹ್ನಕ್ಕೂ ಮಧ್ಯಾಹ್ನದ ಮೊಸರನ್ನು ರಾತ್ರಿಗೂ ಅವಳೇ ಬದಲಾಯಿಸಿಕೊಂಡಿದ್ದಾಳೆ. ಒಟ್ಟು ಅಷ್ಟೇ ಬರುತ್ತದೆ, ನಾನು ಸುಮ್ಮನಿದ್ದೇನೆ.